ಎದೆನೋವಣ್ಣನ ಮೂರು ಹೆಣ್ಣುಮಕ್ಕಳು

ಎದೆನೋವಣ್ಣನಿಗೆ ಎದೆನೋವು ಇರಲಿಲ್ಲ. ಹುಟ್ಟಿದಾಗಿನಿಂದ ಒಂದು ದಿನವೂ ಅದು ಅವನ ಹತ್ತಿರ ಸುಳಿದದ್ದಿಲ್ಲ. ಕಲ್ಲು ತಿಂದರೂ ಕರಗಿಸಿಕೊಳ್ಳುವ ದೇಹ. ಆದರೂ ರಜಾದಿನ ಬಿಟ್ಟು ಮಿಕ್ಕೆಲ್ಲ ದಿನ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಎರಡನೇ ಮಹಡಿಯಲ್ಲಿ, ಒಂದು ಕಬ್ಬಿಣದ ಮಂಚದ ಮೇಲೆ ಮಲಗಿ, ಎದೆ ಹಿಡಿದುಕೊಂಡು "ಅಯ್ಯೋ, ಸತ್ತೆ" ಅನ್ನುವುದೇ ಅವನ ಉದ್ಯೋಗ.

ನಗಬೇಡಿ. ಡಾಕ್ಟರಾಗಲು ಓದುವ ಮಕ್ಕಳು ಪುಸ್ತಕ ಮುಚ್ಚಿದ ಕೂಡಲೇ ಸೀದಾ ಬಂದು ನಿಮ್ಮ ಎದೆಯ ಮೇಲೆ ಕೈಯಿಟ್ಟರೆ ನಿಮ್ಮ ಗತಿಯೇನು? ಅದಕ್ಕೇ ವಿಶ್ವವಿದ್ಯಾಲಯದವರು ಕೌಶಲ ಕೇಂದ್ರ ಅಂತ ಒಂದನ್ನು ಮಾಡಿ, ರೋಗಿಯ ಪಾತ್ರ ಹಾಕುವ ಕೆಲವರನ್ನು ಸಂಬಳಕ್ಕೆ ಇಟ್ಟುಕೊಂಡಿದ್ದರು. ಹೊಟ್ಟೆನೋವಿಗೆ ಒಬ್ಬಾಕೆ, ತಲೆಸುತ್ತಿಗೆ ಒಬ್ಬ ಮುದುಕ, ಎದೆನೋವಿಗೆ ಇವನು. ಮಕ್ಕಳು ಬಂದು ಪ್ರಶ್ನೆ ಕೇಳಬೇಕು, ನಾಡಿ ನೋಡಬೇಕು, ರೋಗ ಯಾವುದೆಂದು ಹೇಳಬೇಕು. ತಪ್ಪು ಹೇಳಿದರೆ ಎದೆನೋವಣ್ಣ ಕಣ್ಣು ಮೇಲೆ ಮಾಡಿ ಸಾಯುತ್ತಿದ್ದ. ಆಮೇಲೆ ಎದ್ದು ಕೂತು ಚಹಾ ಕುಡಿಯುತ್ತಿದ್ದ. ಹವ್ಯಾಸಿ ನಾಟಕ ತಂಡದಲ್ಲಿ ವರ್ಷಗಟ್ಟಲೆ ಈಟಿ ಹಿಡಿದು ಬಾಗಿಲ ಪಕ್ಕ ನಿಂತಿದ್ದವನಿಗೆ ಕೊನೆಗೂ ಮುಖ್ಯ ಪಾತ್ರ ಸಿಕ್ಕಿತ್ತು. ಅವನು ಬೆವರುವುದನ್ನು ನೋಡಬೇಕಿತ್ತು ನೀವು! ಬೇಕೆಂದ ಕೂಡಲೇ ಬೆವರುತ್ತಿದ್ದ. ವಿದ್ಯಾರ್ಥಿಗಳು ಬೆರಗಾಗಿ ಇಟ್ಟ ಹೆಸರೇ ಎದೆನೋವಣ್ಣ.

ಇಷ್ಟೆಲ್ಲ ಸರಿ, ಆದರೆ ಈ ಸಂಗತಿಯನ್ನು ಅವನು ಮಾವನಿಗೆ ಹೇಳಿರಲಿಲ್ಲ. ಮಾವ ರೈಲ್ವೆಯಲ್ಲಿ ಟಿಕೆಟ್ ತಪಾಸಣೆ ಮಾಡಿ ನಿವೃತ್ತರಾದವರು. ಟಿಕೆಟ್ ಇಲ್ಲದವನನ್ನು ಕೂತ ಭಂಗಿ ನೋಡಿಯೇ ಹಿಡಿಯುತ್ತಿದ್ದರಂತೆ. ಅಂಥವರ ಮುಂದೆ "ನಾನು ಕಾಯಿಲೆ ಬಿದ್ದ ಹಾಗೆ ಮಾಡಿ ಸಂಬಳ ತಗೋತೀನಿ" ಅನ್ನುವುದು ಹೇಗೆ? "ಯೂನಿವರ್ಸಿಟಿಯಲ್ಲಿದ್ದೀನಿ ಮಾವ, ಡಾಕ್ಟರುಗಳಿಗೆ ಕಲಿಸೋ ವಿಭಾಗ" ಎಂದಿದ್ದ. ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಮಿಕ್ಕಿದ್ದನ್ನು ಮಾವನೇ ತುಂಬಿಕೊಂಡರು: "ನಮ್ಮ ಅಳಿಯ ಪ್ರೊಫೆಸರು!" ಬೀದಿಯಲ್ಲಿ ಯಾರಿಗೆ ಕೆಮ್ಮು ಬಂದರೂ ಎದೆನೋವಣ್ಣನ ಹತ್ತಿರ ಬರುತ್ತಿದ್ದರು. ಅವನು ಹುಬ್ಬು ಗಂಟಿಕ್ಕಿ, "ಬಿಸಿನೀರು ಕುಡೀರಿ" ಎಂದು ಹೇಳಿ ಕಳಿಸುತ್ತಿದ್ದ. ಅದರಿಂದ ಯಾರಿಗೂ ಕೆಟ್ಟದ್ದಾಗಿರಲಿಲ್ಲ.

ಹೀಗಿರುವಾಗ ಕೌಶಲ ಕೇಂದ್ರಕ್ಕೇ ಕಂಟಕ ಬಂತು. ಶಾಸನಸಭೆಯ ಆರೋಗ್ಯ ಸಮಿತಿಯ ಅಧ್ಯಕ್ಷರು ಮೇಜು ಕುಟ್ಟಿ ಕೇಳಿದರಂತೆ: "ನಿಜವಾದ ರೋಗಿಗಳು ಆಸ್ಪತ್ರೆ ನೆಲದ ಮೇಲೆ ಮಲಗಿರುವಾಗ ಸುಳ್ಳು ರೋಗಿಗಳಿಗೆ ಮಂಚ ಯಾಕ್ರೀ?" ಕೇಳಿದವರಿಗೆಲ್ಲ ಹೌದಲ್ಲ ಅನ್ನಿಸಿತು. ಸರ್ಕಾರದ ಅನುದಾನ ನಿಲ್ಲುತ್ತದೆ, ಕೇಂದ್ರಕ್ಕೆ ಬೀಗ ಬೀಳುತ್ತದೆ ಎಂಬ ಮಾತು ಹಬ್ಬಿತು. ಹೊಟ್ಟೆನೋವಿನಾಕೆಗೆ ನಿಜವಾಗಿಯೇ ಹೊಟ್ಟೆನೋವು ಶುರುವಾಯಿತು. ಎದೆನೋವಣ್ಣನಿಗಂತೂ ಈ ವಯಸ್ಸಿನಲ್ಲಿ ಇನ್ನೊಂದು ಕೆಲಸ ಯಾರು ಕೊಡುತ್ತಾರೆ? ಸಾಯುವುದೊಂದು ಬಿಟ್ಟು ಬೇರೇನೂ ಬರುತ್ತಿರಲಿಲ್ಲ.

ಸರ್ಕಾರದ ಮನಸ್ಸು ಕರಗಿಸುವ ಹೊಣೆ ಹೊಸದಾಗಿ ಬಂದ ಪ್ರಚಾರಾಧಿಕಾರಿಯ ಮೇಲೆ ಬಿತ್ತು. ಇವರು ಹಿಂದೆ ಬಣ್ಣದ ಕಂಪನಿಯೊಂದಕ್ಕೆ ಜಾಹೀರಾತು ಬರೆಯುತ್ತಿದ್ದವರು, ಗೋಡೆಯನ್ನೂ ನಗಿಸಬಲ್ಲರು. ವಿಶ್ವವಿದ್ಯಾಲಯದ ಪತ್ರಿಕೆಯಾದ ಕ್ಯಾಂಪಸ್ ವಾರ್ತೆಯ ಒಂದು ವಿಶೇಷ ಸಂಚಿಕೆ ತಂದು ಶಾಸಕರೆಲ್ಲರ ಕೈಗಿಡುವುದೆಂದು ತೀರ್ಮಾನಿಸಿ, ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು, ಈ ಕೇಂದ್ರದಲ್ಲಿ ಕಲಿತವರು ಉಳಿಸಿದ ಒಂದು ಜೀವ ಎಲ್ಲಿ ಸಿಗುತ್ತದೆ ಎಂದು ಹುಡುಕುತ್ತ ಹೊರಟರು. ಹೊರಟವರು ತಪ್ಪಿ ಎರಡನೇ ಮಹಡಿಗೆ ಬಂದು, ಎದೆನೋವಣ್ಣನ ಕೋಣೆಯ ಬಾಗಿಲು ತಳ್ಳಿದರು.

ಆ ಕೋಣೆ ಸಾಕ್ಷಾತ್ ಆಸ್ಪತ್ರೆಯ ವಾರ್ಡೇ. ಸಲೈನ್ ಕಂಬ, ಹಸಿರು ಪರದೆ, ಬೀಪ್ ಎನ್ನುವ ಯಂತ್ರ. ಮಂಚದ ಪಕ್ಕ ಒಬ್ಬ ವಿದ್ಯಾರ್ಥಿನಿ. ಮೊದಲ ಸಲ ಪರೀಕ್ಷೆ ಮಾಡಿದಾಗ ಸ್ಟೆತಾಸ್ಕೋಪನ್ನು ಕಿವಿಗೆ ಹಾಕಿಕೊಳ್ಳದೆಯೇ "ಚೆನ್ನಾಗಿ ಕೇಳಿಸ್ತಿದೆ" ಎಂದಿದ್ದ ಹುಡುಗಿ ಅವಳು. ಈಗ ಪರವಾಗಿರಲಿಲ್ಲ. ಅಲ್ಲಿಯ ಕಟ್ಟುನಿಟ್ಟಿನ ನಿಯಮವೇನೆಂದರೆ, ಗಂಟೆ ಹೊಡೆಯುವವರೆಗೆ ಯಾರೇ ಒಳಗೆ ಬರಲಿ, ಛಾವಣಿಯೇ ಕುಸಿಯಲಿ, ರೋಗಿ ರೋಗಿಯಾಗಿಯೇ ಇರಬೇಕು, ವಿದ್ಯಾರ್ಥಿ ಡಾಕ್ಟರಾಗಿಯೇ ಇರಬೇಕು. ಎದೆನೋವಣ್ಣ ನಿಯಮ ಮುರಿದವನಲ್ಲ.

"ಏನು ಕೆಲಸ ಮಾಡ್ಕೊಂಡಿದ್ದೀಯಪ್ಪಾ?" ಎಂದು ಪ್ರಚಾರಾಧಿಕಾರಿ ಕೇಳಿದರು.

"ಲಾರಿ ಓಡಿಸ್ತೀನಿ ಸ್ವಾಮಿ." ಆ ವಾರ ಅವನಿಗೆ ಕೊಟ್ಟ ಪಾತ್ರ ಅದು.

"ಮನೇಲಿ ಯಾರ್ಯಾರು?"

"ಮೂರು ಹೆಣ್ಣುಮಕ್ಕಳು ಸ್ವಾಮಿ. ಮೂರೂ ಚಿಕ್ಕವು. ನಾನು ಹೋದ್ರೆ ಅವಕ್ಕೆ ಯಾರು ದಿಕ್ಕು?" ಹೇಳುತ್ತ ಹೇಳುತ್ತ ಅವನ ಕಣ್ಣಲ್ಲಿ ನೀರು ಬಂತು. ಪ್ರಚಾರಾಧಿಕಾರಿಗೂ ಬಂತು.

"ನಿನ್ನ ಉಳಿಸಿದ್ದು ಯಾರು?"

ಇದು ಪಾತ್ರದಲ್ಲಿ ಇರಲಿಲ್ಲ. ಆದರೆ ಕಲಾವಿದ ಎಂದ ಮೇಲೆ ಸಮಯಕ್ಕೆ ತಕ್ಕ ಮಾತು ಹೊಳೆಯಬೇಡವೇ? "ಈ ತಾಯಿ" ಎಂದು ವಿದ್ಯಾರ್ಥಿನಿಯ ಕಡೆ ಕೈ ಎತ್ತಿದ. ಹುಡುಗಿ ಬಾಯಿ ತೆರೆದಳು, ನಿಯಮ ನೆನಪಾಗಿ ಮುಚ್ಚಿದಳು. ಕ್ಯಾಮೆರಾ ಮಿಂಚಿತು. ಪ್ರಚಾರಾಧಿಕಾರಿ ಗಂಟೆ ಹೊಡೆಯುವ ಮೊದಲೇ ಓಡಿದ್ದರು, ಸುದ್ದಿ ಬಿಸಿಯಿತ್ತು.

ಮುಂದಿನ ವಾರ ಕ್ಯಾಂಪಸ್ ವಾರ್ತೆ ಬಂತು. ಮುಖಪುಟದ ತುಂಬ ಎದೆನೋವಣ್ಣ. ಮೇಲೆ ದಪ್ಪಕ್ಷರದಲ್ಲಿ, "ಮೂರು ಹೆಣ್ಣುಮಕ್ಕಳ ತಂದೆ ಸಾವಿನ ಬಾಗಿಲಿಂದ ಮರಳಿ ಬಂದ!"

ಹೆಂಡತಿ ಅದನ್ನು ಓದಿ ನಕ್ಕು ನಕ್ಕು ಸುಸ್ತಾದಳು. ಗಂಡನ ಕೆಲಸ ಏನೆಂದು ಗೊತ್ತಿದ್ದದ್ದು ಮನೆಯಲ್ಲಿ ಅವಳೊಬ್ಬಳಿಗೇ. "ಮೂರಾ? ಇರೋ ಒಬ್ಬ ಮಗನ ಫೀಸು ಕಟ್ಟೋದು ಮರೀತೀರಿ!" ಎಂದಳು. ಅಷ್ಟರಲ್ಲಿ ಬಾಗಿಲಲ್ಲಿ ಪಕ್ಕದ ಮನೆಯ ದರ್ಜಿ ಕಾಣಿಸಿಕೊಂಡ. ಕಣ್ಣು ತೋರಿಸಲು ಆಸ್ಪತ್ರೆಗೆ ಹೋದವನು ಅಲ್ಲಿಂದ ಈ ಸಂಚಿಕೆ ತಂದಿದ್ದ. ಹಿಂದೆ ಅರ್ಧ ಬೀದಿ ನಿಂತಿತ್ತು. ಯಾರೂ ಒಳಗೆ ಕಾಲಿಡಲಿಲ್ಲ. ಸತ್ತು ಬಂದವನ ಮನೆ ಎಂದರೆ ಹೆದರಿಕೆಯೂ ಹೌದು, ಗೌರವವೂ ಹೌದು.

"ಸಾರ್, ಒಂದು ಮಾತು ಕೇಳಲಾ?" ದರ್ಜಿಯ ಸ್ವರ ಪಿಸುಮಾತಿಗೆ ಇಳಿದಿತ್ತು. "ಅಲ್ಲಿ ಹೇಗಿತ್ತು?"

"ಎಲ್ಲಿ?"

"ಅಲ್ಲೇ ಸಾರ್. ಹೋಗಿ ಬಂದ್ರಲ್ಲ."

ಎದೆನೋವಣ್ಣ ನಿಜ ಹೇಳಿಬಿಡಬಹುದಿತ್ತು. ಆದರೆ ಪ್ರೊಫೆಸರ ಪಟ್ಟದಿಂದ ಬಾಡಿಗೆ ರೋಗಿಯ ಮಟ್ಟಕ್ಕೆ ಬೀದಿಯವರೆಲ್ಲರ ಎದುರು ಇಳಿಯುವುದು ಸುಲಭದ ಮಾತಲ್ಲ. ತನ್ನ ಕೋಣೆಯ ಏಸಿಯನ್ನು ನೆನೆಸಿಕೊಂಡು, "ತಂಪಾಗಿತ್ತು" ಎಂದ.

"ಆಹಾ!" ಎಂದಿತು ಬೀದಿ. ದರ್ಜಿ ಕೈಮುಗಿದ. "ಎಂಥಾ ಮನುಷ್ಯ ನೋಡ್ರಪ್ಪಾ, ಪ್ರೊಫೆಸರಾಗಿದ್ದುಕೊಂಡು ಬಿಡುವಿದ್ದಾಗ ಲಾರಿ ಓಡಿಸ್ತಾರೆ. ಸ್ವಲ್ಪಾನೂ ಜಂಬ ಇಲ್ಲ."

ಮಾರನೆಯ ದಿನ ಮಾವ ಬಂದರು. ಚಪ್ಪಲಿ ಬಿಡಲಿಲ್ಲ, ಕೂರಲಿಲ್ಲ. ಸಂಚಿಕೆಯನ್ನು ಟಿಕೆಟ್ ಹಿಡಿದ ಹಾಗೆ ಎರಡು ಬೆರಳಲ್ಲಿ ಹಿಡಿದು ಅಳಿಯನ ಮುಖದ ಮುಂದೆ ಆಡಿಸಿದರು.

"ಹೃದಯ ಕೆಟ್ಟಿದ್ದು ನಂಗೆ ಬೇಡ. ಲಾರಿ ವಿಷಯಾನೂ ಬೇಡ. ಮೂರು ಹೆಣ್ಣುಮಕ್ಕಳು ಅಂತಿದೆ. ತಾಯಿ ಯಾರು?"

"ಮಾವ, ಅದೇನಾಯ್ತು ಅಂದ್ರೆ..."

"ತಾಯಿ ಯಾರು?"

"ಅಪ್ಪಾ, ಸ್ವಲ್ಪ ಕೂತ್ಕೋ" ಎಂದಳು ಹೆಂಡತಿ. "ನೀನು ಸುಮ್ಮನಿರು. ಪಾಪದವಳು, ನಿಂಗೇನೂ ಗೊತ್ತಿಲ್ಲ" ಎಂದು ಮಾವ ಅವಳ ತಲೆ ಸವರಿದರು. ಗಂಡ ಈಗಲಾದರೂ ಬಾಯಿಬಿಡಲಿ ಎಂದು ಅವಳು ಕಣ್ಸನ್ನೆ ಮಾಡಿದಳು. ಎದೆನೋವಣ್ಣ ಬಾಯಿಬಿಟ್ಟ. ಬಿಟ್ಟ ಬಾಯಿಂದ ಬಂದದ್ದು ಮಾತ್ರ ಅವನಿಗೇ ಆಶ್ಚರ್ಯ.

"ದತ್ತು, ಮಾವ."

ಹೆಂಡತಿ ಹಣೆ ಹಣೆ ಚಚ್ಚಿಕೊಂಡು ಅಡುಗೆಮನೆಗೆ ನಡೆದಳು. ಮಾವ ಮೆಲ್ಲಗೆ ಕುರ್ಚಿಯ ಮೇಲೆ ಕುಸಿದರು. ಕೈಯಿಂದ ಸಂಚಿಕೆ ಜಾರಿತು.

"ದತ್ತು? ಮೂರು ಅನಾಥ ಮಕ್ಕಳನ್ನ? ಅವರನ್ನ ಹಾಸ್ಟೆಲ್ಲಲ್ಲಿಟ್ಟು ಸಾಕೋಕೇ ಲಾರಿ ಓಡಿಸ್ತಿದ್ರಾ? ಯಾರಿಗೂ ಹೇಳದೆ?" ಅವರು ಕಣ್ಣೊರೆಸಿಕೊಂಡರು. "ಅಳಿಯಂದಿರೇ, ನಿಮ್ಮನ್ನ ನಾನು ಇಷ್ಟು ವರ್ಷ ಬರೀ ಪ್ರೊಫೆಸರು ಅಂದ್ಕೊಂಡಿದ್ದೆ. ತಪ್ಪಾಯ್ತು." ಎದ್ದವರೇ ಕಾಲಿಗೆ ಬೀಳಲು ಬಗ್ಗಿದರು. ಹಿರಿಯರನ್ನು ತಡೆಯುವ ಗಡಿಬಿಡಿಯಲ್ಲಿ ಎದೆನೋವಣ್ಣ ತಾನೇ ಅವರ ಕಾಲಿಗೆ ಬಿದ್ದ. ವಿನಯಕ್ಕೆ ಇನ್ನೇನು ಸಾಕ್ಷಿ ಬೇಕು? ಸಂಜೆಯೊಳಗೆ ಸುದ್ದಿ ಬೀದಿಯ ಕೊನೆ ಮುಟ್ಟಿ ವಾಪಸು ಬಂತು. ಮಾವ ಬಟ್ಟೆ ತಂದರು, ದರ್ಜಿ ಕೂಲಿ ಬೇಡವೆಂದು ಹಟ ಹಿಡಿದ. ಅಳತೆ ಗೊತ್ತಿಲ್ಲದ ಮೂರು ಮಕ್ಕಳಿಗೆ, ದೊಡ್ಡದು, ನಡುವಿನದು, ಚಿಕ್ಕದು ಅಂತ ಅಂದಾಜಿನ ಮೇಲೆ ಮೂರು ಫ್ರಾಕುಗಳನ್ನು ಹೊಲಿದ.

"ಇನ್ನಾದ್ರೂ ಹೇಳಿಬಿಡ್ರೀ" ಎಂದಳು ಹೆಂಡತಿ. "ಅಪ್ಪ ಯಾರಿಗಾದ್ರೂ ಹೀಗೆ ಕೈಮುಗಿದದ್ದನ್ನ ನಾನು ನೋಡೇ ಇಲ್ಲ. ಆಮೇಲೆ ಗೊತ್ತಾದ್ರೆ ಅವರಿಗೆ ತಡ್ಕೊಳ್ಳೋಕಾಗಲ್ಲ." ಅವಳೀಗ ನಗುತ್ತಿರಲಿಲ್ಲ. ಹೇಳುತ್ತೇನೆ, ಭಾನುವಾರ ಹೇಳುತ್ತೇನೆ ಎಂದ ಎದೆನೋವಣ್ಣ.

ಭಾನುವಾರಕ್ಕೆ ಮುಂಚೆ ಪ್ರಚಾರಾಧಿಕಾರಿ ಕುಣಿದುಕೊಂಡು ಕೌಶಲ ಕೇಂದ್ರಕ್ಕೆ ಬಂದರು. ಸಂಚಿಕೆ ನೋಡಿ ಸಮಿತಿಯ ಅಧ್ಯಕ್ಷರ ಮನಸ್ಸು ಕರಗಿದೆ, ಬದುಕಿ ಬಂದ ಆ ಲಾರಿ ಡ್ರೈವರನ್ನು ಸಭೆಗೆ ಕರೆತನ್ನಿ ಎಂದಿದ್ದಾರೆ, ಅವನೇ ನಮ್ಮ ಪುರಾವೆ, ಅವನ ವಿಳಾಸ ಕೊಡಿ! ಬಾಗಿಲ ಪಕ್ಕ ಸ್ಟೂಲಿನ ಮೇಲೆ ಕೂತು ಚಹಾ ಕುಡಿಯುತ್ತಿದ್ದ ಎದೆನೋವಣ್ಣ ಎದ್ದು ನಿಂತ.

"ನಾನೇ ಸಾರ್ ಅದು."

"ಅರೆ, ಬಂದೇಬಿಟ್ಟಿದ್ದೀಯಾ? ಹೇಗಿದ್ದೀಯಪ್ಪಾ? ಮಕ್ಕಳು ಚೆನ್ನಾಗಿದ್ದಾರಾ?"

"ಮಕ್ಕಳಿಲ್ಲ ಸಾರ್. ಲಾರೀನೂ ಇಲ್ಲ. ಕಾಯಿಲೆ ಮೊದಲೇ ಇಲ್ಲ. ನಾನು ಇಲ್ಲೇ ಕೆಲಸ ಮಾಡೋದು."

ಪ್ರಚಾರಾಧಿಕಾರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಅವರೇ ಆ ಕಬ್ಬಿಣದ ಮಂಚದ ಮೇಲೆ ಮಲಗಿದರು. ಸುಳ್ಳು ರೋಗಿಗಳು ಬೇಕೇ ಬೇಡವೇ ಎಂದು ಕೇಳಿದ ಸರ್ಕಾರಕ್ಕೆ ಅವರು ಕಳಿಸಿದ್ದ ಒಬ್ಬನೇ ಒಬ್ಬ ನಿಜವಾದ ರೋಗಿಯೂ ಸುಳ್ಳು ರೋಗಿಯೇ! "ಈಗ ತಪ್ಪಾಯ್ತು ಅಂದ್ರೆ ಕೇಂದ್ರಕ್ಕೆ ಇವತ್ತೇ ಬೀಗ" ಎಂದು ಅವರು ಎದೆನೋವಣ್ಣನ ಎರಡೂ ಕೈ ಹಿಡಿದರು. "ಒಂದೇ ಒಂದು ಗಂಟೆ ಲಾರಿ ಡ್ರೈವರ್ ಆಗಿಬಿಡಪ್ಪಾ. ನಿನ್ನ ದಮ್ಮಯ್ಯ." ಫೋಟೋದಲ್ಲಿದ್ದ ಹುಡುಗಿಯೂ ಬರಬೇಕೆಂದಾಯಿತು. ಅವಳು, "ಸುಳ್ಳು ಹೇಳೋಕೆ ನಂಗೆ ಬರಲ್ಲ" ಎಂದಳು. "ನೀನು ಬಾಯೇ ತೆರೀಬೇಡಮ್ಮ" ಎಂದರು ಪ್ರಚಾರಾಧಿಕಾರಿ.

ಶಾಸನಸಭೆಯ ಕಟ್ಟಡದೊಳಗೆ ಕಾಲಿಟ್ಟ ಎದೆನೋವಣ್ಣ ಕತ್ತೆತ್ತಿ ನೋಡಿದ. ಎಂಥಾ ಛಾವಣಿ! ಅಷ್ಟೆತ್ತರದಲ್ಲಿ ಯಾರು ಜೇಡರ ಬಲೆ ಹೊಡೆಯುತ್ತಾರೋ. ರತ್ನಗಂಬಳಿ ಹಾಸಿನ ಮೇಲೆ ಕಾಲು ಹೂತು ಹೋಗುತ್ತಿತ್ತು, ಚಪ್ಪಲಿ ಬಿಡಬೇಕೇನೋ ಎಂದು ಎರಡು ಸಲ ಬಗ್ಗಿದ. ಇಂಥ ಜಾಗದಲ್ಲಿ ಮನುಷ್ಯ ಹೇಗೆ ಸುಳ್ಳು ಹೇಳಿಯಾನು ಎಂದುಕೊಂಡ. ಪ್ರಚಾರಾಧಿಕಾರಿಗೆ ಆ ಕಟ್ಟಡದ ಪರಿಚಯ ಇದ್ದದ್ದರಿಂದ ಅವರಿಗೆ ಹಾಗೇನೂ ಅನ್ನಿಸಲಿಲ್ಲ.

ಒಳಗೆ ಉದ್ದನೆಯ ಮೇಜು, ಅದರ ತಲೆಯಲ್ಲಿ ಅಧ್ಯಕ್ಷರು. ದಪ್ಪ ಆಳು, ಮುಖ ಹಿಂಡಿಕೊಂಡಿತ್ತು, ಕರವಸ್ತ್ರದಲ್ಲಿ ಕತ್ತು ಒರೆಸಿಕೊಳ್ಳುತ್ತಲೇ ಇದ್ದರು. ಗೋಡೆಯ ಪಕ್ಕ ಸಾರ್ವಜನಿಕರ ಸಾಲು. ಆ ಸಾಲಿನ ಮೊದಲ ಕುರ್ಚಿಯಲ್ಲಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ತೊಡೆಯ ಮೇಲೆ ಬಟ್ಟೆಯ ಚೀಲ ಇಟ್ಟುಕೊಂಡು ಮಾವ ಕೂತಿದ್ದರು! ಅಳಿಯನಿಗೆ ಸರ್ಕಾರದ ಸನ್ಮಾನ ಎಂದು ದರ್ಜಿ ಹೇಳಿದ್ದನಂತೆ. ಮೊಮ್ಮಕ್ಕಳೂ ಬರುತ್ತಾರೆಂದು ಮೂರು ಫ್ರಾಕುಗಳನ್ನು ತಂದಿದ್ದರು. ಎದೆನೋವಣ್ಣನಿಗೆ ಬೇಡದೆಯೇ ಬೆವರು ಕಿತ್ತುಕೊಂಡಿತು.

"ಬಾಪ್ಪಾ ಡ್ರೈವರಣ್ಣ" ಎಂದರು ಅಧ್ಯಕ್ಷರು. "ನಂದೂ ಒಂದು ಕಾಲದಲ್ಲಿ ಲಾರಿ ವ್ಯವಹಾರವೇ. ನೀನು ಓಡಿಸೋದು ಎಷ್ಟು ಗಾಲಿದು?"

"ಎಲ್ಲಾ ಗಾಲಿದೂ ಸ್ವಾಮಿ."

"ಗೇರು ಎಷ್ಟು?"

"ಬೇಕಾದಷ್ಟಿದೆ ಸ್ವಾಮಿ."

ಅಧ್ಯಕ್ಷರ ಹುಬ್ಬು ಮೇಲೇರಿತು. ಪ್ರಚಾರಾಧಿಕಾರಿ ಛಾವಣಿ ನೋಡತೊಡಗಿದರು. ಅಳಿಯ ಕಷ್ಟದಲ್ಲಿದ್ದಾನೆಂದು ತಿಳಿದು ಮಾವ ಎದ್ದು ನಿಂತರು.

"ಸ್ವಾಮಿ, ಅವರು ಸಂಕೋಚದ ಮನುಷ್ಯ, ಹೇಳ್ಕೊಳ್ಳಲ್ಲ. ಅವರು ಬರೀ ಡ್ರೈವರ್ ಅಲ್ಲ, ನಿಮ್ಮ ಯೂನಿವರ್ಸಿಟಿಯ ಪ್ರೊಫೆಸರು. ಮೂರು ಅನಾಥ ಮಕ್ಕಳನ್ನ ದತ್ತು ತಗೊಂಡಿದ್ದಾರೆ. ಅವರಿಗೋಸ್ಕರ ಬಿಡುವಿದ್ದಾಗ ಲಾರಿ ಓಡಿಸಿ, ಅದರಲ್ಲೇ ಹೃದಯ ಒಡ್ಕೊಂಡ್ರು. ಇಂಥ ಅಳಿಯ ಯಾರಿಗೆ ಸಿಗ್ತಾನೆ ಹೇಳಿ!"

"ಏನಯ್ಯಾ ಇದು?" ಅಧ್ಯಕ್ಷರು ಎದೆನೋವಣ್ಣನ ಕಡೆ ತಿರುಗಿದರು. "ಅಸಲಿಗೆ ನೀನು ಯಾರು?"

ಎದೆನೋವಣ್ಣ ಮಾವನ ಚೀಲ ನೋಡಿದ. ಚಿಕ್ಕ ಫ್ರಾಕಿನ ಅಂಚು ಹೊರಗೆ ಇಣುಕುತ್ತಿತ್ತು. ಅವನಿಗೆ ಇನ್ನು ತಡೆಯಲಾಗಲಿಲ್ಲ. "ನಾನು ಸುಳ್ಳು ರೋಗಿ ಸ್ವಾಮಿ" ಎಂದ. "ನೀವು ಅವತ್ತು ಬೈದ್ರಲ್ಲ, ಅದರಲ್ಲಿ ಒಬ್ಬ. ಲಾರಿ ಪಾತ್ರದ್ದು, ಮಕ್ಕಳೂ ಪಾತ್ರದ್ದು. ಸೈಕಲ್ಲೂ ಬರಲ್ಲ ನಂಗೆ. ಮಾವ, ಕ್ಷಮಿಸಿಬಿಡಿ. ನಿಮ್ಮ ಹತ್ರ ಹೇಳೋಕೆ ಮುಖ ಸಾಲಲಿಲ್ಲ."

ಮಾವ ಚೀಲದ ಬಾಯಿ ಮಡಚಿ ಕೂತುಬಿಟ್ಟರು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಅಧ್ಯಕ್ಷರು ಮೇಜು ಕುಟ್ಟಿದರು. "ಇದೇನ್ರೀ ನಿಮ್ಮ ಪುರಾವೆ? ಸರ್ಕಾರದ ಮುಂದೆ ನಾಟಕ? ಮುಚ್ಚಿ ಆ ಕೇಂದ್ರಾನ! ಬರ್ಕೊಳ್ರೀ ಕಾರ್ಯದರ್ಶಿ."

"ಸ್ವಾಮಿ, ನನ್ನ ಬೈಯಿರಿ, ಕೇಂದ್ರ ಮುಚ್ಚಬೇಡಿ!" ಎದೆನೋವಣ್ಣ ಎರಡು ಹೆಜ್ಜೆ ಮುಂದೆ ಬಂದಿದ್ದ. ಆ ಧೈರ್ಯ ಎಲ್ಲಿಂದ ಬಂತೋ ಅವನಿಗೇ ತಿಳಿಯದು. "ಈ ಮಕ್ಕಳು ಮೊದಲನೇ ಸಲ ಯಾರ ಮೇಲಾದ್ರೂ ತಪ್ಪು ಮಾಡಲೇಬೇಕಲ್ಲ ಸ್ವಾಮಿ? ತಪ್ಪು ಮಾಡದೆ ಯಾರು ಕಲ್ತಿದ್ದಾರೆ? ಆ ತಪ್ಪು ನನ್ನ ಮೇಲೆ ಆಗಲಿ ಅಂತ ಮಲಗ್ತೀನಿ. ನಂಗೇನೂ ಆಗಲ್ಲ, ನಾನು ಗಟ್ಟಿ."

"ಮಲಗೋಕೆ ಸಂಬಳ!" ಅಧ್ಯಕ್ಷರು ಎದೆಯ ನಡುವೆ ಅಂಗೈ ಒತ್ತಿಕೊಂಡು ನಕ್ಕರು. "ಮಲಗು ನೋಡೋಣ. ಅದೇನು ಮಹಾ ವಿದ್ಯೆ, ನಾವೂ ನೋಡ್ತೀವಿ."

ಎದೆನೋವಣ್ಣ ಹಾಸಿನ ಮೇಲೆ ಮಲಗಿದ. ಜೀವಮಾನದಲ್ಲಿ ಅಷ್ಟು ಚೆನ್ನಾಗಿ ಅವನೆಂದೂ ನೋವು ತಿಂದಿರಲಿಲ್ಲ. ಇಬ್ಬರು ಶಾಸಕರು ಗಾಬರಿಯಿಂದ ಎದ್ದರು. ವಿದ್ಯಾರ್ಥಿನಿ ಪಕ್ಕದಲ್ಲಿ ಮಂಡಿಯೂರಿ ಕೇಳತೊಡಗಿದಳು: "ನೋವು ಹೇಗಿದೆ? ಭಾರ ಹೇರಿದ ಹಾಗಿದೆಯಾ? ಎಡಗೈಗೆ ಇಳೀತಿದೆಯಾ? ದವಡೆ ಹಿಡಿದ ಹಾಗಿದೆಯಾ?"

"ಅದಕ್ಕೇನಮ್ಮಾ ಅಷ್ಟೊಂದು" ಎಂದರು ಅಧ್ಯಕ್ಷರು ಮೇಲಿನಿಂದ. "ನಂಗೂ ಬೆಳಿಗ್ಗೆಯಿಂದ ಹಾಗೇ ಇದೆ. ಭಾರ, ಕೈ ಜೋಮು, ದವಡೆ, ಎಲ್ಲಾ. ಬರೀ ಗ್ಯಾಸು ಅದು. ನಾನೇನು ನೆಲದ ಮೇಲೆ ಬಿದ್ದು..."

ಹುಡುಗಿ ತಲೆ ಎತ್ತಿ ನೋಡಿದಳು. ಎದೆನೋವಣ್ಣನ ಕೈ ಬಿಟ್ಟಳು. ಎದ್ದು, ಸರಸರನೆ ಮೇಜು ಸುತ್ತಿ ಅಧ್ಯಕ್ಷರ ಬಳಿ ಹೋಗಿ ಅವರ ಮಣಿಕಟ್ಟು ಹಿಡಿದೇಬಿಟ್ಟಳು. "ಸರ್, ಇದು ಗ್ಯಾಸ್ ಅಲ್ಲ. ಮಾತಾಡಬೇಡಿ, ಒರಗಿ ಕೂತ್ಕೊಳ್ಳಿ. ಆಸ್ಪಿರಿನ್ ಯಾವತ್ತಾದ್ರೂ ಒಗ್ಗದೆ ಹೋಗಿದೆಯಾ? ರಕ್ತ ತೆಳುವಾಗೋ ಮಾತ್ರೆ ಏನಾದ್ರೂ ತಗೋತೀರಾ? ಇಲ್ವಾ, ಸರಿ." ಪ್ರಚಾರಾಧಿಕಾರಿಯ ಕಡೆ ತಿರುಗಿ, "ನೀವು ಹೋಗಿ ಪ್ರಥಮ ಚಿಕಿತ್ಸೆ ಪೆಟ್ಟಿಗೆ ತನ್ನಿ. ಕಾರ್ಯದರ್ಶಿಯವರೇ, ನೀವು ಆಂಬುಲೆನ್ಸಿಗೆ ಫೋನ್ ಮಾಡಿ. ಕಿಟಕಿ ತೆಗೀರಿ" ಎಂದಳು. ಕಾರ್ಯದರ್ಶಿ ಓಡಿದರು, ಶಾಸಕರು ಕಿಟಕಿ ತೆಗೆದರು. ಪೆಟ್ಟಿಗೆ ಬಂದ ಕೂಡಲೇ ಹುಡುಗಿ ಆಸ್ಪಿರಿನ್ ತೆಗೆದು ಅಧ್ಯಕ್ಷರಿಗೆ ಅಗಿಯಲು ಕೊಟ್ಟಳು. ಆ ಸಭೆಯಲ್ಲಿ ಯಾರ ಮಾತನ್ನೂ ಜನ ಅಷ್ಟು ಬೇಗ ಕೇಳಿರಲಿಲ್ಲವಂತೆ.

ಎದೆನೋವಣ್ಣ ನೆಲದ ಮೇಲೆ ಮಲಗಿದ್ದಲ್ಲೇ ಮಲಗಿ ನೋಡುತ್ತಿದ್ದ. ಇಷ್ಟು ದಿನ ತನ್ನ ಎದೆಯ ಮೇಲೆ ತಡವರಿಸಿದ್ದ ಕೈಗಳು ಈಗ ಒಂದು ನಿಜವಾದ ಜೀವವನ್ನು ಹಿಡಿದಿದ್ದವು. ಅಬ್ಬಾ! ಆ ಛಾವಣಿ, ಆ ಕಂಬಗಳು, ಆ ರತ್ನಗಂಬಳಿ, ಯಾವುದೂ ಇದರ ಮುಂದೆ ಏನೂ ಅಲ್ಲ ಅನ್ನಿಸಿತು ಅವನಿಗೆ. ಉಸಿರು ಬಿಡಲೂ ಮರೆತಿದ್ದ.

ಸ್ಟ್ರೆಚರ್ ಬಂತು. ಹೃದಯದ ಡಾಕ್ಟರೊಬ್ಬರು ಜೊತೆಗೆ ಬಂದು ನೋಡಿ, ಇನ್ನು ಸ್ವಲ್ಪ ತಡವಾಗಿದ್ದರೆ ಕೈಮೀರುತ್ತಿತ್ತು, ಈಗ ಭಯವಿಲ್ಲ ಎಂದರು. ಅಧ್ಯಕ್ಷರು ಹುಡುಗಿಯ ಕೈ ಬಿಟ್ಟಿರಲಿಲ್ಲ.

"ಎಷ್ಟು ಜನಕ್ಕೆ ಹೀಗೆ ನೋಡಿದ್ದೀಯ ತಾಯಿ?"

"ನಿಜವಾದ ರೋಗಿ ನೀವೇ ಮೊದಲನೆಯವರು ಸರ್."

ಅಧ್ಯಕ್ಷರ ಮುಖ ಇನ್ನಷ್ಟು ಬಿಳಿಚಿತು. "ಮೊದಲನೆಯವನಾ? ಏನಾದ್ರೂ ತಪ್ಪಾಗಿದ್ರೆ?"

"ತಪ್ಪೆಲ್ಲ ಅವರ ಮೇಲೆ ಮಾಡಿ ಮುಗಿಸಿದ್ದೀನಿ ಸರ್" ಎಂದು ಹುಡುಗಿ ನೆಲದ ಕಡೆ ತೋರಿಸಿದಳು. "ಒಂದು ಸಲ ಅವರನ್ನ ಸಾಯಿಸೂ ಬಿಟ್ಟಿದ್ದೀನಿ."

"ಎರಡು ಸಲ" ಎಂದ ಎದೆನೋವಣ್ಣ ಮಲಗಿದ್ದಲ್ಲಿಂದಲೇ.

ಅಧ್ಯಕ್ಷರು ಸ್ಟ್ರೆಚರಿನಿಂದ ಕತ್ತು ಹೊರಳಿಸಿ ಅವನನ್ನೇ ನೋಡಿದರು. ಒಬ್ಬರು ಮೇಲೆ ಮಲಗಿದ್ದರು, ಇನ್ನೊಬ್ಬ ಕೆಳಗೆ. "ಕಾರ್ಯದರ್ಶಿ" ಎಂದರು ಮೆಲ್ಲಗೆ. "ಮುಚ್ಚಿ ಅಂದಿದ್ದು ಹೊಡೆದುಹಾಕ್ರೀ. ಆ ಮನುಷ್ಯನ ಮಂಚ ಯಾರೂ ಮುಟ್ಟಬಾರದು."

ಎಲ್ಲರೂ ಸ್ಟ್ರೆಚರಿನ ಹಿಂದೆ ಹೋದ ಮೇಲೆ ಮಾವ ಹತ್ತಿರ ಬಂದು ನಿಂತರು. ಎದೆನೋವಣ್ಣ ಎದ್ದು ಕೂತ, ತಲೆ ಎತ್ತಲಿಲ್ಲ.

"ಎರಡು ಸಲ ಸತ್ರಾ?" ಎಂದು ಮಾವ ಕೇಳಿದರು.

"ಆ ಹುಡುಗಿ ಕೈಲಿ ಎರಡು ಸಲ ಮಾವ. ಬೇರೆಯವರದ್ದು ಲೆಕ್ಕ ಇಟ್ಟಿಲ್ಲ."

ಮಾವ ಬಹಳ ಹೊತ್ತು ಅವನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. ಆಮೇಲೆ ರಟ್ಟೆ ಹಿಡಿದು ಎಬ್ಬಿಸಿ, ಬೆನ್ನಿಗೆ ಅಂಟಿದ್ದ ಧೂಳನ್ನು ಕೈಯಲ್ಲೇ ಕೊಡವಿದರು. ಹೊರಬಾಗಿಲ ಕಾವಲುಗಾರ ತಡೆದು, ಇವರು ಯಾರು ಎಂದು ಕೇಳಿದ.

"ನಮ್ಮ ಅಳಿಯ" ಎಂದರು ಮಾವ, ಇಡೀ ಕಟ್ಟಡಕ್ಕೆ ಕೇಳುವ ಹಾಗೆ. "ಪ್ರೊಫೆಸರ್ ಅಲ್ಲ. ನೀನೂ ನಾನೂ ಸಾಯಬಾರದು ಅಂತ ದಿನಾ ಸಾಯೋರು."

ಬೇಕೆಂದಾಗ ಕಣ್ಣೀರು ತರಿಸಿಕೊಳ್ಳುತ್ತಿದ್ದ ಎದೆನೋವಣ್ಣನಿಗೆ ಅವತ್ತು ಅದನ್ನು ನಿಲ್ಲಿಸಲು ಆಗಲಿಲ್ಲ.